ನಾಲ್ಕು ಬೆರಳಗಲ ಜಾಗ

ಗಣಿಯಿಂದ ಬಂದ ದಿನ ಬಳಪದ ಕಲ್ಲು
ಉಗುರಿಗೂ ಬಗ್ಗುತ್ತದೆ.
ಗಾಳಿ ಕುಡಿದಂತೆಲ್ಲ ಗಟ್ಟಿ.
ಇದು ನಮ್ಮ ಕುಲಕ್ಕೆ ಗೊತ್ತು, ಅರಮನೆಗೆ ಗೊತ್ತಿಲ್ಲ.

ಜಾವಗಲ್ಲಿನ ಕೆರೆ ಬಿರಿದ ಇರುಳು
ತೂಬಿಗೆ ಮೈಯೊಡ್ಡಿ ಸತ್ತವನು ಒಡ್ಡರ ಕಾಟ.
ಅವನ ಹೆಂಡತಿಗೆ ಹತ್ತು ಕೊಳಗ ಗದ್ದೆ,
ಕೆರೆಗೊಡಗಿ ಎಂದು ನಾಡರಸ ನುಡಿದ.
ನುಡಿದವನು ಕಲ್ಲು ಬರುವ ಮುಂಚೆ ತೀರಿಕೊಂಡ.

ಸತ್ತವನ ಮಾತು ಇದ್ದವನ ಹೆಸರಲ್ಲಿ ನಿಲ್ಲಬೇಕಂತೆ.
ಸೇನಬೋವ ಓಲೆ ಹಿಡಿದು ಬಂದ:
"ಸ್ವಸ್ತಿ ಶ್ರೀ ಕೊರೆ. ಬಿರುದು ಕೊರೆ.
ಹೆಸರಿಗೆ ಜಾಗ ಬಿಡು."
ಎಷ್ಟು, ಎಂದೆ.
ಬಾಗಿಲ ಕಡೆ ನೋಡಿ ನಾಲ್ಕು ಬೆರಳು ತೋರಿಸಿದ.

ಹಿರಿಯ ಹರಿಯಮರಸ, ಕಿರಿಯ ರಾಣಿಯ ಬಸಿರು;
ಕಿರಿಯ ಬಾಚಿಗ, ಪಟ್ಟದರಸಿಯ ಬಸಿರು.
ಒಬ್ಬನಿಗೆ ವಯಸ್ಸು, ಇನ್ನೊಬ್ಬನಿಗೆ ತಾಯಿ.
ನನ್ನ ಲೆಕ್ಕ ಬೇರೆ:
ಒಂದು ಆರಕ್ಷರ, ಇಕ್ಕಟ್ಟು; ಒಂದು ಮೂರು, ಸಡಿಲು.

ಉಳಿದದ್ದೆಲ್ಲ ಕೊರೆದೆ.
ಮೂಡಲು ಬನ್ನಿಮರ, ತೆಂಕಲು ಹುತ್ತ,
ಪಡುವಲು ಬಸದಿಯ ಹಾದಿ, ಬಡಗಲು ಕಾಲುವೆ.
ಅಳುಪಿದವನು ಹುಳುವಾಗಿ ಹುಟ್ಟುವ ಶಾಪ,
ತಲೆಯ ಮೇಲೆ ಸೂರ್ಯ, ಚಂದ್ರ, ಕರುವಿಗೆ ಊಡುವ ಹಸು.

ಮೊದಲ ಇರುಳು ಬಾಚಿಗನ ಸೋದರಮಾವ,
ಮಡಿಲಲ್ಲಿ ಐದು ಗದ್ಯಾಣ.
"ನಾಳೆ ಪಟ್ಟ. ಇಂದೇ ಕೊರೆ."
ಮೂರಕ್ಷರಕ್ಕೆ ಜಾಗ ಹೆಚ್ಚಾಯಿತು, ಎಂದೆ.
"ದಪ್ಪ ಮಾಡು."

ಮೂರನೆಯ ಇರುಳು ಹರಿಯಮನ ಕುದುರೆಯವರು.
ಹೊನ್ನು ತರಲಿಲ್ಲ.
ನನ್ನ ಹಿರಿಮಗನ ಹೆಸರು ಕೇಳಿದರು,
ಎರಡು ಸಲ ಹೇಳಿಸಿಕೊಂಡರು, ಹೋದರು.

ಆಮೇಲೊಬ್ಬ ಮುದುಕ, ಸೋದರತ್ತೆ ಚಟ್ಟಲೆಯ ಕಡೆಯವ.
ಕಲ್ಲನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ
"ಇನ್ನೂ ಮೆತ್ತಗಿದೆ" ಎಂದು ನಕ್ಕ.

ಮಾಚವ್ವೆ ದಿನವೂ ಬರುತ್ತಿದ್ದಳು,
ಕಾಟನ ಹೆಂಡತಿ, ಮಜ್ಜಿಗೆಯ ಗಡಿಗೆ ಹೊತ್ತು.
"ಅರಸು ಸಿಕ್ಕಿದನೇ?" ಎನ್ನುವಳು,
ಕಳೆದುಹೋದ ಎಮ್ಮೆಯನ್ನು ಕೇಳುವ ಹಾಗೆ.
ಅವಳ ಗದ್ದೆಯಲ್ಲಿ ಆಗಲೇ ಯಾರದೋ ನೇಗಿಲು.

ಕಾರ್ತಿಕ ಕಳೆಯಿತು.
ಉಳಿ ತಾಗಿಸಿದರೆ ಕಲ್ಲು
ಕಂಚಿನ ಹಾಗೆ ದನಿಗೊಡತೊಡಗಿತು.

ಒಂದು ನಡುರಾತ್ರಿ, ಹೇಳಬಾರದು, ಹೇಳುತ್ತೇನೆ,
ದೀಪಕ್ಕೆ ಎಣ್ಣೆ ಹೊಯ್ದು, ಜಾಜು ಕಲಸಿ
ಆ ಖಾಲಿಯಲ್ಲಿ ನನ್ನ ಹೆಸರು ಬರೆದೆ.
ಅರಿಗಳ ಎದೆಶೂಲ, ಮೊರೆಹೊಕ್ಕವರ ವಜ್ರದ ಪಂಜರ,
ಏಳು ಸಾಲು ಬಿರುದು, ಅದರ ಬಾಲಕ್ಕೆ
ಸಾತೋಜ.
ಮೂರೇ ಅಕ್ಷರ. ದಪ್ಪ ಮಾಡಿದೆ.
ಚೆನ್ನಾಗಿ ಕೂತಿತ್ತು.
ಹೊರಗೆ ನಾಯಿ ಬೊಗಳಿತು,
ಮುಂಗೈಯಿಂದ ಒರೆಸಿಬಿಟ್ಟೆ.

ಮಾಘದಲ್ಲಿ ಮಾಚವ್ವೆ ತಮ್ಮಂದಿರನ್ನೂ ಬಂಡಿಯನ್ನೂ ತಂದಳು.
"ಹೀಗೇ ಕೊಡು. ಎಲ್ಲೆ ಇದೆಯಲ್ಲ, ಶಾಪ ಇದೆಯಲ್ಲ."
ತೂಬಿನ ಪಕ್ಕ ನೆಟ್ಟರು.
ಉತ್ತಿದ್ದವನು ಬಂದು ಓದಿಸಿ ಕೇಳಿದ.
ಓದುತ್ತಿದ್ದ ಅಯ್ಯ ಆ ಜಾಗಕ್ಕೆ ಬಂದಾಗ
ಕೆಮ್ಮಿದ, ದಾಟಿದ, ಹುಳುವಿನ ತನಕ ಓದಿದ.
ಉತ್ತಿದ್ದವನು ಸ್ವಲ್ಪ ಹೊತ್ತು ಕಾಲುವೆ ನೋಡಿದ,
ನೇಗಿಲು ಹೆಗಲಿಗೆತ್ತಿಕೊಂಡ.

ಯಾರು ಗೆದ್ದರೆಂದು ಕೇಳಬೇಡಿ.
ಡೋರಸಮುದ್ರಕ್ಕೆ ಇನ್ನೂ ಓಲೆ ಹೋಗುತ್ತಿದೆ,
ಬರುತ್ತಿದೆ.

ಅಂದಿನ ಮರುದಿನ ಬೆಳಗ್ಗೆ ಹೆಂಡತಿ
ನನ್ನ ಮುಂಗೈ ಹಿಡಿದು ತಿರುಗಿಸಿ ನೋಡಿದ್ದಳು:
"ಇದೇನು ಕೆಂಪು, ಗಾಯವೇ?"
ಪಟ್ಟ, ಎಂದೆ.
"ನೀರು ಕಾದಿದೆ," ಎಂದಳು,
"ತೊಳ್ಕೋ."