ಮೇ ತಿಂಗಳ ಲೆಕ್ಕ

ದುರ್ಬೀನು ಹಿಲ್ಡಾ ಟೀಚರದ್ದು. ಎಡಗಣ್ಣಿನ ಗಾಜಿಗೆ
ಹೋದ ಮಳೆಗಾಲದಲ್ಲೇ ಬೂಷ್ಟು ಹಿಡಿದಿದೆ,
ಅದರಲ್ಲಿ ನೋಡಿದರೆ ಆಕಾಶ ಬೇರು ಬಿಟ್ಟ ಹಾಗೆ.
ಬಲಗಣ್ಣು ಸಾಕು, ಎಂದಿದ್ದರು ಕೊಡುವಾಗ,
ಹಕ್ಕಿಯೂ ನಿನ್ನನ್ನು ಒಂದೇ ಕಣ್ಣಲ್ಲಿ ನೋಡುವುದು.

ರಾತ್ರಿಪಾಳಿ ಮುಗಿಸಿ, ರಕ್ತದ ಚೀಲಗಳ ಅಂಕೆ ಒಪ್ಪಿಸಿ
ಆಸ್ಪತ್ರೆಯ ಗೇಟಿನಿಂದ ಸೀದಾ ಕದ್ರಿ ಪಾರ್ಕಿಗೆ.
ಆರೂವರೆಗೇ ಬೆನ್ನಿಗೆ ಅಂಟಿದ ಅಂಗಿ.
ನಗೆಕೂಟದ ಹಿರಿಯರು ಕೈಯೆತ್ತಿ ಹೋ ಹೋ ಎಂದಾಗೆಲ್ಲ
ಗೋಳಿಮರದ ಕುಟುರ ಒಂದು ಗಳಿಗೆ ನಿಲ್ಲಿಸಿ
ಮತ್ತೆ ಶುರು, ಕುಟ್ರೂ ಕುಟ್ರೂ,
ಬಿಟ್ಟಲ್ಲಿಂದಲ್ಲ, ಮೊದಲಿನಿಂದ.
ಬರೆದೆ: ಕುಟುರ ಕೇಳಿದ್ದು ಆರು, ಕಂಡದ್ದು ಒಂದೂ ಇಲ್ಲ.
ಸೂರಕ್ಕಿ ಎರಡು. ಮಡಿವಾಳ ಒಂದು,
ಸೋರುವ ನಲ್ಲಿಯ ತುದಿಗೆ ಕೊಕ್ಕು ಒಡ್ಡಿ.
ನವರಂಗ ಸೊನ್ನೆ. ಮಾರ್ಚಿನವರೆಗೆ
ಕಸದ ತೊಟ್ಟಿಯ ಹಿಂದೆ ತರಗೆಲೆ ಮಗುಚುತ್ತಿತ್ತು,
ಹೇಳದೆ ಹೋಯಿತು.
"ಎಂತ ಹುಡುಕುವುದು, ಮೊಬೈಲು ಬಿತ್ತಾ?" ಎಂದ ವಾಚ್‌ಮನ್
ಮರುದಿನದಿಂದ ತಾನೂ ಮೇಲೆ ನೋಡುತ್ತಾನೆ.

ಭಾನುವಾರ ಕೂಳೂರು. ಸಂಕದ ಕೆಳಗೆ ಇಳಿತ.
ಮೇಲೆ ಗ್ಯಾಸಿನ ಟ್ಯಾಂಕರುಗಳ ಸಾಲು, ಕೆಳಗೆ
ಕಾಂಡ್ಲಾ ಬೇರುಗಳ ನಡುವೆ ಹೊಳೆ
ತನ್ನ ಕೆಸರನ್ನು ಬಿಸಿಲಿಗೆ ಹಾಕಿದೆ.
ಉಮರಬ್ಬ ಮೊಣಕಾಲವರೆಗೆ ಹೂತು ಮರುವಾಯಿ ಹೆಕ್ಕುತ್ತಾರೆ,
ಹತ್ತು ಮಾರು ಆಚೆ ಬೆಳ್ಳಕ್ಕಿ. ಇಬ್ಬರದೂ ಒಂದೇ ಬಾಗು.
ಅವರಲ್ಲಿ ಹಕ್ಕಿಯ ಹೆಸರು ಮೂರೇ: ಕೊರುಂಗು, ಕಾಗೆ, ಗಿಡುಗ.
ಉಳಿದದ್ದೆಲ್ಲ 'ಅದು'.

ಚಳಿಗಾಲದಲ್ಲಿ ಇಲ್ಲಿ ಕೆಸರೇ ನಡೆಯುತ್ತಿತ್ತು, ಅಷ್ಟು ಗೊರವಗಳು.
ಈಗ ಎಲ್ಲ ಬಡಗಣಕ್ಕೆ, ಹಿಮ ಕರಗುವ ಊರುಗಳಿಗೆ, ಮೊಟ್ಟೆಯಿಡಲು.
ನನ್ನ ಹಾಳೆಯಲ್ಲಿ ಎರಡೇ ಕಾಲಂ: ಬಂದದ್ದು, ಹೋದದ್ದು.
ಹಾಗಿರುವಾಗ ಬಲಗಣ್ಣಿನ ಗಾಜಿನೊಳಗೆ
ಕುಡುಗೋಲು ಕೊಕ್ಕಿನದೊಂದು, ಒಂಟಿ,
ಕೆಸರಿಗೆ ಮುಖವಿಟ್ಟು,
ಮೇ ತಿಂಗಳು ಬಂದದ್ದನ್ನು ಯಾರೂ ಹೇಳಿಲ್ಲ ಎಂಬಂತೆ.

ಗಾಯವಾ? ಇಲ್ಲ. ರೆಕ್ಕೆ ಬಿಚ್ಚಿತು, ಎರಡು ಮಾರು ಹಾರಿತು, ಕೂತಿತು.
ಫೋನಿನಲ್ಲಿ ಟೀಚರು: "ಮೊದಲ ವರ್ಷದ ಮರಿ ಇರಬೇಕು.
ಕೆಲವು ಹೋಗುವುದಿಲ್ಲ. ಹೋಗಿ ಮಾಡುವುದಾದರೂ ಎಂತ,
ಗೂಡು ಕಟ್ಟುವ ಪ್ರಾಯ ಆಗಿರುವುದಿಲ್ಲ."
ಸ್ವಲ್ಪ ಸುಮ್ಮನಿದ್ದು, "ಕೆಲವಕ್ಕೆ ಪ್ರಾಯ ಆದರೂ..." ಎಂದರು.
ಆಚೆ ಕುಕ್ಕರು ಕೂಗಿತು.

ಗೊರವ ಎಂದರೆ ಘಟ್ಟದ ಮೇಲೆ
ಕಂಬಳಿ ಹೊದ್ದು ಊರೂರು ತಿರುಗುವವನು.
ತಿರುಗದ ಗೊರವನನ್ನು ಎಂತ ಕರೆಯುವುದು?
ಉಮರಬ್ಬರನ್ನು ಕೇಳಿದೆ. ಬುಟ್ಟಿ ಕುಲುಕಿ ಕೆಸರು ಇಳಿಸುತ್ತ
"ಅದಾ? ಅದು ದಿನಾ ಉಂಟು," ಎಂದರು,
"ನೀವು ಭಾನುವಾರ ಮಾತ್ರ ಬರುವುದಲ್ಲವಾ."

ಭರತ ಏರಿತು. ಕೆಸರು ಅಂಗೈಯಷ್ಟಾಯಿತು,
ಆಮೇಲೆ ಅದೂ ಇಲ್ಲ.
ಹಕ್ಕಿ ಮುರಿದ ದೋಣಿಯ ಅಂಚಿಗೆ ಹತ್ತಿ ಕಾಲು ಬದಲಿಸಿತು.
ಮುಂದಿನ ಇಳಿತಕ್ಕೆ ಆರು ಗಂಟೆ ಉಂಟು,
ಅದಕ್ಕೆ ಅವಸರ ಇದ್ದ ಹಾಗೆ ಕಾಣಲಿಲ್ಲ.
ಎರಡು ಕಾಲಂಗಳ ನಡುವಿನ ಗೆರೆಯ ಮೇಲೆಯೇ ಬರೆದೆ: ೧.
ಬೆವರು ತಾಗಿ ಶಾಯಿ ಸ್ವಲ್ಪ ಹರಡಿತು.

ಬುಧವಾರ ರಜೆ ಹಾಕಿ ಹೋದೆ.
ಸಂಕದ ಮೇಲೆ ಅದೇ ಟ್ಯಾಂಕರುಗಳು,
ಮೂಡಣದಲ್ಲಿ ಮಳೆಯಾಗದ ಒಂದು ಮೋಡ.
ಉಮರಬ್ಬ ಇರಲಿಲ್ಲ.
ಅದು ಇತ್ತು.