ಸಣ್ಣದಕ್ಕೆ ಮೊದಲ ದಾರಿ

ಗುಡ್ಡದ ಮೇಲೊಂದು ತಟ್ಟೆ, ಆಕಾಶಕ್ಕೆ ಬಾಯಿ ತೆರೆದು.
ಕೆಳಗೆ ಎಪ್ಪತ್ತೆರಡು ಮನೆ, ಒಂದು ಅಂಗಡಿ, ಶಾಲೆ, ಇಗರ್ಜಿ,
ಜನರೇಟರ್ ಕೋಣೆಯ ಪಕ್ಕ
ರೌಟರಿನ ಹಸಿರು ಕಣ್ಣಿಗೆ ಕಣ್ಣು ಕೊಟ್ಟು ಕೂತ ನಾನು, ಇನಾಲುಕ್.
ಗ್ರೀನ್‌ಲೆಂಡಿನ ಈ ಮೂಡಣ ಅಂಚಿನಲ್ಲಿ
ನವೆಂಬರಿನಲ್ಲಿ ಮುಳುಗಿದ ಸೂರ್ಯ ಹೊಸವರ್ಷ ಕಳೆದ ಮೇಲೇ ಮುಖ ತೋರುವುದು.
ಅಲ್ಲಿಯತನಕ ಊರೆಲ್ಲ ಒಂದೇ ಎಳೆಗೆ ಜೋತುಬಿದ್ದು ಬದುಕುತ್ತದೆ.

ಮೊದಲ ಚಳಿಗಾಲ ನಿಯಮವೇ ಇರಲಿಲ್ಲ.
ಹುಡುಗರ ಆಟಕ್ಕೊಂದು ಹೊಸ ತೇಪೆ ಇಳಿಯತೊಡಗಿದರೆ ಸಾಕು,
ಎಲ್ಲರ ದನಿ ಗೊರಗೊರ.
ನಮ್ಮ ನುಡಿಯಲ್ಲಿ 'ಇಲ್ಲ' ಅನ್ನುವುದು ಪದದ ಹಿಂಬದಿಗೆ ಅಂಟಿರುತ್ತದೆ.
ಬೆನೆದಿಕ್ತಾಳ ಮಗಳು 'ಬರುವುದಿಲ್ಲ' ಎಂದಿದ್ದಳು,
ಬಂದು ಮುಟ್ಟಿದ್ದು 'ಬರುವುದು' ಮಾತ್ರ.
ಮುದುಕಿ ಎರಡು ದಿನ ಹೆಲಿಕಾಪ್ಟರ್ ಕಟ್ಟೆಯಲ್ಲಿ ನಿಂತಳು.

ಹಾಗಾಗಿ ಸಾಲು ಕಟ್ಟಿದೆ.
ಮೊದಲು ಮಾತು. ಹಗುರ ಅದು, ಕಾಯಿಸಿದರೆ ಹಳಸುತ್ತದೆ.
ಆಮೇಲೆ ಹೆಪ್ಪುಗಡಲ ನಕ್ಷೆ: ಯಾವ ಕೊಲ್ಲಿ ಬಿರಿದಿದೆ,
ಯಾವುದು ನಾಯಿಬಂಡಿ ಹೊತ್ತೀತು.
ಶಾಲೆಯ ಪಾಠ. ಅಂಗಡಿಯ ಲೆಕ್ಕ.
ಸಿನಿಮಾ ಕೊನೆಗೆ; ಅದಕ್ಕೇನು, ಮೊದಲೇ ಹೊಟ್ಟೆ ತುಂಬಿಸಿಕೊಂಡು ಕೂರಬಲ್ಲದು.
ಮತ್ತೆ, ಹತ್ತು ನಿಮಿಷ ದಾಟಿಯೂ ಎಡೆಬಿಡದೆ ಮೇಲೇರುವ ಯಾವ ಹೊರೆಯಾದರೂ
ತಂತಾನೇ ತಳಕ್ಕೆ.
ಇದು ಯಾರೂ ಹೇಳಿಕೊಟ್ಟದ್ದಲ್ಲ, ನನ್ನ ಸ್ವಂತ ಬುದ್ಧಿ.
ಯಾಕೊಬಿನೆ ನನ್ನೊಡನೆ ಮೂರು ದಿನ ಮಾತು ಬಿಟ್ಟಳು,
ಸ್ವಂತ ಮನೆಯನ್ನೂ ಕೊನೆಗೇ ನಿಲ್ಲಿಸಿದ್ದೆನಲ್ಲ.

ಪೊಟ್ಟಣದೊಳಗೇನಿದೆ ನಾನು ನೋಡುವುದಿಲ್ಲ, ನೋಡಬಾರದು.
ತೂಕ ಗೊತ್ತು, ಯಾರ ಮನೆಯದೆಂದು ಗೊತ್ತು,
ಎಷ್ಟು ಹೊತ್ತಿನಿಂದ ಬಾಗಿಲು ತಟ್ಟುತ್ತಿದೆ ಅದೂ ಗೊತ್ತು.
ಅಷ್ಟು ಗೊತ್ತಿದ್ದರೆ ಎಲ್ಲ ಗೊತ್ತು ಅಂದುಕೊಂಡಿದ್ದೆ.

ಡಿಸೆಂಬರಿನ ಒಂದು ಮಧ್ಯಾಹ್ನ, ನಡುರಾತ್ರಿಯಷ್ಟು ಕಪ್ಪು.
ಮೂವತ್ತೊಂದನೇ ಮನೆಯಿಂದ ದಪ್ಪನೆಯ ಹರಿವು, ಮೇಲಕ್ಕೆ.
ಹಿಂದಿನ ವಾರ ಆ ಮನೆಯ ಹುಡುಗ ತನ್ನ ನಾಯಿಗಳ ಓಟವನ್ನು
ಲೋಕಕ್ಕೆಲ್ಲ ತೋರಿಸಲು ಹೋಗಿ ಊರಿನ ಗಂಟಲು ಹಿಸುಕಿದ್ದ.
ಮತ್ತೆ ಶುರುಮಾಡಿದನೇ, ಎಂದೆ.
ಹತ್ತು ನಿಮಿಷ ತುಂಬುತ್ತಲೇ
ನನ್ನ ನಿಯಮ ಅದರ ಕತ್ತು ಹಿಡಿದು ಕೆಳಗೆ ತಳ್ಳಿತು.
ಪರದೆಯ ಗೆರೆ ಸಪಾಟಾಯಿತು. ಕಾಫಿ ಬಗ್ಗಿಸಿಕೊಂಡೆ.

ಅದು ಹುಡುಗನದಲ್ಲ, ಅವನ ತಾಯಿ ಎಕಿಲಾನಾಳದು.
ದಾದಿ. ಆಸ್ಪತ್ರೆಯ ಪೆಟ್ಟಿಗೆ ಕೈಕೊಟ್ಟಿತೆಂದು
ತಾತೆರಾಕನನ್ನು ತನ್ನ ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿಕೊಂಡು,
ಬಂಡಿಯ ಹಗ್ಗ ಸುತ್ತಿ ನುಜ್ಜಾದ ಅವನ ಕೈಯನ್ನು
ಎಲುಬೆಲುಬಾಗಿ ನೂಕ್ ಪಟ್ಟಣದ ವೈದ್ಯನಿಗೆ ಕಳಿಸುತ್ತಿದ್ದಳು.
ವೈದ್ಯನ ದನಿ ಮಾತ್ರ, ಆಮೇಲೆ ಅವಳೇ ಹೇಳಿದಳು,
ಉಗುಳು ನುಂಗಿದ್ದೂ ಕೇಳುವಷ್ಟು ಸ್ವಚ್ಛ:
ಚಿತ್ರ ಬಂದಿಲ್ಲ. ಇನ್ನೂ ಬಂದಿಲ್ಲ.
ನಾಲ್ಕು ಗಂಟೆ.
ಒಂದು ಅಕ್ಷರ ಉದುರದೆ,
ಆ 'ಇಲ್ಲ' ಪ್ರತಿ ಸಲವೂ ಇಡಿಯಾಗಿ ತಲುಪಿತು.

ಒಂದು ಬೆರಳು ಹೋಯಿತು. ಉಳಿದವು ಉಳಿದವು.

ಈಗ ಕತ್ತು ಹಿಡಿಯುವ ಮೊದಲು ಮನೆಗೆ ಫೋನು ಮಾಡುತ್ತೇನೆ,
ಏನು ಕಳಿಸುತ್ತಿದ್ದೀರಿ ಎಂದು.
ನಿನಗೇಕೆ ಬೇಕು, ಅನ್ನುತ್ತಾಳೆ ಬೆನೆದಿಕ್ತಾ,
ಒಳಗೆ ಇಣುಕುವುದಿಲ್ಲ ಎಂದು ಆಣೆಯಿಟ್ಟವನು ನೀನೇ ಅಲ್ಲವೇ.
ಇಟ್ಟವನು ನಾನೇ.

ಶನಿವಾರ ಅಂಗಡಿಯ ಸಾಲಿನಲ್ಲಿ ನನ್ನ ಹಿಂದೆ ತಾತೆರಾಕ್.
ನನ್ನ ಬುಟ್ಟಿಯ ತುಂಬ ತಿಂಗಳ ಸಾಮಾನು,
ಅವನ ಕೈಯಲ್ಲಿ ಒಂದೇ ಒಂದು ಬೆಂಕಿಪೊಟ್ಟಣ,
ನಾಲ್ಕು ಬೆರಳು ಅದನ್ನು ಹಿಡಿದ ರೀತಿ ಇನ್ನೂ ಹೊಸದು.
ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.
ಅವನು ತಲೆಯಾಡಿಸಿ ನಕ್ಕ:
ಭಾರದ್ದು ಮೊದಲು ಹೋಗಲಿ, ಇನಾಲುಕ್.
ಒಳಗೇನಿದೆಯೋ ಯಾರು ಬಲ್ಲರು.