ಬುಧವಾರ ಗಿರಣಿ ಬಂದ್

ಕಲ್ಲು ಖಾಲಿ ತಿರುಗಬಾರದು.
ಮೊದಲ ದಿನ ಮಾವ ಹೇಳಿಕೊಟ್ಟಿದ್ದು ಇಷ್ಟೇ:
ಮ್ಯಾಲ ಕಾಳು ಮುಗೀತಂದ್ರ ಪಟ್ಟಾ ಸರಿಸು, ಕಸ್ತೂರಿ,
ಇಲ್ಲಾಂದ್ರ ಕಲ್ಲು ಕಲ್ಲನ್ನೇ ತಿಂತದ,
ಮಂದಿ ಹಿಟ್ಟಿನಾಗ ಮಳಲು ಬರ್ತದ,
ಹಲ್ಲಿಗೆ ಸಿಕ್ಕಿತಂದ್ರ ಯಾರೂ ಮತ್ತ ಬರಂಗಿಲ್ಲ.

ಮಾವ ಹೋಗಿ ಹನ್ನೊಂದು ವರ್ಷ.
ಬ್ರಹ್ಮಪುರದ ಈ ಓಣಿಗೆ ಗಿರಣಿ ಅಂದ್ರ ನಾ.
ಕರೆಂಟಿನ ಬಿಲ್ಲು ನಾ, ಪಟ್ಟಾ ಹರಿದರ ಹೊಲಿಯೋದು ನಾ,
ತಕ್ಕಡಿ ನಾ, ಉದ್ರಿ ವಹಿ ನಾ,
ಉದ್ರಿ ಕೇಳಲಕ ನಾಚೋದೂ ನಾನೇ.
ಸಂಜಿಗೆ ರೆಪ್ಪಿ ಮ್ಯಾಲ ಜೋಳ,
ಕೂದಲದಾಗ ಗೋಧಿ,
ಬೆರಳ ಸಂದಿಗೆ ಶುಕ್ರವಾರದ ಖಾರ,
ಕಣ್ಣು ಒರಸಿಕೊಂಡಾಗ ನೆನಪಾಗ್ತದ.

ಮುಚ್ಚಳಿಲ್ಲದ ಡಾಲ್ಡಾ ಡಬ್ಬಿ ನೀಲಮ್ಮಂದು,
ಹಸಿರು ಬಣ್ಣದ್ದು ಇಮಾಮಬೀ ಮನಿದು,
ಹೊಟ್ಟಿ ತಗ್ಗು ಬಿದ್ದದ್ದು ಮಾಸ್ತರರದು.
ಡಬ್ಬಿ ನೋಡಿದರ ಮಂದಿ ಗುರ್ತು ಹಿಡೀತೀನಿ.
ಮಾರಿ ನೋಡಿದರ ಒಮ್ಮೊಮ್ಮೆ ಇಲ್ಲ.

ಕಲಬುರಗಿ, ಮೇ ತಿಂಗಳು. ತಗಡಿನ ಕೆಳಗ
ಗಾಳೀನೂ ಹುರಿದಂಗ ಇತ್ತು.
ನೀಲಮ್ಮ ಏನೋ ಅಂದಳು. ಮತ್ತೊಮ್ಮೆ ಅಂದಳು.
ಆಮ್ಯಾಲ ಬೆರಳು ತೋರಿಸಿದಳು:
ಕಾಳಿಲ್ಲ. ಕಲ್ಲು ಚೀರಲಕತ್ತಾದ.
ನನಗ ಕೇಳಿಸಿರಲಿಲ್ಲ.

ಕಿವಿ ನೋಡಿದ ಡಾಕ್ಟರ್ ಸಣ್ಣ ಹುಡುಗ.
"ದಿನಾ ಎಷ್ಟು ತಾಸು ನಡೀತದ?"
ಅವ ಗಿರಣಿ ಕೇಳಿದ್ನೋ ನನ್ನ ಕೇಳಿದ್ನೋ,
ಹದಿಮೂರು ಅಂದೆ, ಎರಡಕ್ಕೂ ಅದೇ ಲೆಕ್ಕ.
"ರಜಾ?"
ಕರೆಂಟ್ ಹೋದಾಗ.
ಅವ ನಗಲಿಲ್ಲ. ಬೆನ್ನಿಗೆ ಕೊಳವಿ ಹಚ್ಚಿ
ಉಸಿರು ತಗೋರಿ ಅಂದ, ಬಿಡ್ರಿ ಅಂದ.
ಅದನ್ನೂ ಯಾರರ ಹೇಳಿದ ಮ್ಯಾಲ ಮಾಡಿದೆ.

ಬರೂ ದಾರಿಗೆ ಸುಣ್ಣದ ಕಡ್ಡಿ ತಗೊಂಡೆ.
ಷಟರಿನ ಮ್ಯಾಲ ಬರದೆ, ಅಳಿಸಿದೆ, ಮತ್ತ ಬರದೆ:
ಬುಧವಾರ ಗಿರಣಿ ಬಂದ್.
ಕಾರಣ ಬರೀಲಕ ಜಾಗ ಇತ್ತು. ಬರೀಲಿಲ್ಲ.
ರಾತ್ರಿ ಲೆಕ್ಕ ಹಾಕಿದೆ. ತಿಂಗಳಿಗೆ ನಾಕು ಬುಧವಾರ,
ಬುಧವಾರಕ್ಕ ಆರುನೂರು,
ಕೆಲವು ತಿಂಗಳು ಐದು ಬುಧವಾರ.
ಆ ಐದನೇದಕ್ಕ ಬಾಳ ಹೊತ್ತು ನಿದ್ದಿ ಬರಲಿಲ್ಲ.

ಮಂದಿ ಷಟರ್ ಬಡದ್ರು. ಓದಲಕ ಬರ್ತದ ಎಲ್ಲರಿಗೂ,
ಆದರೂ ಬಡದ್ರು.
ಉಸಿರು ಹಿಡಕೊಂಡು ಕುಂತೆ, ನನ್ನ ಮನಿಯಾಗ ನಾನೇ ಕಳ್ಳಿ.
ಅವರು ಹೋದ ಮ್ಯಾಲ
ಬಚ್ಚಲದ ನಳ ಸೋರೋದು ಕೇಳಿಸ್ತು.
ಎಷ್ಟು ವರ್ಷದಿಂದ ಸೋರಲಕತ್ತಿತ್ತೋ!

ಹತ್ತಕ್ಕ ಹಸಿವಾಯ್ತು. ಹಿಟ್ಟಿನ ಡಬ್ಬಿ ತಗದೆ. ತಳ.
ಓಣಿಗೆಲ್ಲಾ ಬೀಸಿ ಕೊಟ್ಟು
ನಾ ವಾರದಿಂದ ಬನ್ನು ತಿನ್ನಲಕತ್ತಿದ್ದೆ.
ಕೀಲಿ ಸೊಂಟದಾಗೇ ಇತ್ತು.
ನಾಕು ಸೇರು ಜೋಳ, ಐದು ನಿಮಿಷದ ಕೆಲಸ.
ಕೈ ಸೊಂಟಕ್ಕ ಹೋಯ್ತು. ಹೋಗಿ, ಬಂತು.

ಹೊಸ ಡಬ್ಬಿ ತುಂಬಿಕೊಂಡು ಶಹಾಬಜಾರಕ್ಕ ನಡದೆ.
ಅಲ್ಲಿ ಗಿರಣಿ ನಡಸೋ ಅಣ್ಣೆಪ್ಪ
ಹಿಂದ ಎರಡು ಸಲ ನನ್ನ ಹತ್ರ ಪಟ್ಟಾ ಸಾಲ ಒಯ್ದಾವ,
ಗುರ್ತು ಹಿಡೀಲಿಲ್ಲ. ಡಬ್ಬಿ ಹೊಸದಿತ್ತಲ್ಲ.
"ಸರದಿ ಅದ ಬಾಯಿ, ಕೂಡ್ರಿ" ಅಂದ.

ಕೂಡ್ರಿ.

ಕಟ್ಟಿ ಮ್ಯಾಲ ಕುಂತೆ. ಗೋಡಿಗೆ ಬೆನ್ನು ಹಚ್ಚಿದೆ.
ಮಗ್ಗಲದಾಕಿ ಕೇಳದೇ ಹಿಡಿ ಶೇಂಗಾ ಕೊಟ್ಟಳು.
ಅವನ ಪಟ್ಟಾ ಸಡ್ಲ ಆಗ್ಯಾದ, ಹಿಟ್ಟು ತರಿ ಬೀಳ್ತದ,
ನಾಳಿಗರ ಕಲ್ಲಿಗೆ ಟಾಕಿ ಹಾಕಬೇಕು,
ಎಲ್ಲಾ ತಿಳೀತಿತ್ತು. ಸುಮ್ಮ ಶೇಂಗಾ ತಿಂದೆ.

ಬಿಸಿ ಡಬ್ಬಿ ಹೊಟ್ಟಿಗೆ ಅವಚಿಕೊಂಡು ಬಂದೆ.
ದಿನಾ ಅರವತ್ತು ಡಬ್ಬಿ ಎತ್ತಿ ಕೊಡೋ ಕೈ,
ಇಷ್ಟು ಹೊತ್ತು ಹಿಡಕೊಂಡಿರಲಿಲ್ಲ ಯಾವದನ್ನೂ.

ರೊಟ್ಟಿ ತರಿ ತರಿ ಆದವು.
ಮೂರು ತಿಂದೆ.